ಕಿರುತೆರೆಯ ನಾಟಕ, ಪತ್ರಿಕೆಯ ಕಾಲುಪುಟ

(ಉಪನ್ಯಾಸದ ಬರಹರೂಪ)

1974ರ ಜನವರಿ 6, ಭಾನುವಾರ. ಅಮೆರಿಕದಲ್ಲಿ ಅಂದು ಬಹಳಷ್ಟು ಪೆಟ್ರೋಲ್ ಬಂಕುಗಳು ಮುಚ್ಚಿದ್ದವು. ಹಿಂದಿನ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಅಮೆರಿಕಕ್ಕೆ ತೈಲ ಕಳಿಸುವುದನ್ನು ನಿಲ್ಲಿಸಿದ್ದವು. ಶನಿವಾರ ರಾತ್ರಿಯಿಂದ ಭಾನುವಾರ ಮಧ್ಯರಾತ್ರಿಯವರೆಗೆ ಪೆಟ್ರೋಲ್ ಮಾರಬೇಡಿ ಎಂದು ಅಧ್ಯಕ್ಷ ನಿಕ್ಸನ್ ಬಂಕಿನವರನ್ನು ಕೇಳಿಕೊಂಡಿದ್ದರು. ವಾರದ ಉಳಿದ ದಿನಗಳಲ್ಲಿ ಬಂಕುಗಳ ಮುಂದೆ ಕಾರುಗಳ ಉದ್ದನೆಯ ಸಾಲು. ಒಂದು ಬ್ಯಾರೆಲ್ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು 3 ಡಾಲರಿನಿಂದ ಸುಮಾರು 12 ಡಾಲರಿಗೆ ಏರಿತು. ತೈಲ ಕಂಪನಿಯ ಹೆಸರೆತ್ತಿದರೆ ಜನ ಸಿಡಿಮಿಡಿಗೊಳ್ಳುತ್ತಿದ್ದ ಕಾಲ ಅದು.

ಅದೇ ಭಾನುವಾರ ರಾತ್ರಿ ಅಮೆರಿಕದ ಸಾರ್ವಜನಿಕ ಟೆಲಿವಿಷನ್ನಿನಲ್ಲಿ ಒಂದು ಬ್ರಿಟಿಷ್ ಧಾರಾವಾಹಿ ಆರಂಭವಾಯಿತು. ಹೆಸರು 'ಅಪ್‌ಸ್ಟೇರ್ಸ್, ಡೌನ್‌ಸ್ಟೇರ್ಸ್'. ಲಂಡನ್ನಿನ ದೊಡ್ಡ ಮನೆಯೊಂದರಲ್ಲಿ ಮಹಡಿಯ ಮೇಲೆ ಬಾಳುವ ಯಜಮಾನರು ಮತ್ತು ಕೆಳಗೆ ದುಡಿಯುವ ಆಳುಕಾಳುಗಳ ಕಥೆ. ನೋಡಿದವರು ಮರುಳಾದರು. ಮುಂದೆ ಅದಕ್ಕೆ ಅಮೆರಿಕದ ಎಮ್ಮಿ ಪ್ರಶಸ್ತಿಗಳೂ ಬಂದವು. ಆ ನಾಟಕವನ್ನು ಅಮೆರಿಕದ ಮನೆಮನೆಗೆ ತಲುಪಿಸಲು ಹಣ ಕೊಟ್ಟವರು ಯಾರು? ಮೊಬಿಲ್ ಎಂಬ ತೈಲ ಕಂಪನಿ. ಹಗಲು ಬಂಕಿಗೆ ಬೀಗ, ರಾತ್ರಿ ಅದೇ ಉದ್ಯಮದ ಹಣದಿಂದ ಮನರಂಜನೆ. ಎರಡೂ ಒಂದೇ ದಿನ.

ಈ ನಾಟಕಗಳನ್ನು ಜನ ನೋಡುವಂತೆ ಮಾಡಲು ಮೊಬಿಲ್ ಕಂಪನಿ ಪತ್ರಿಕೆಗಳಲ್ಲೂ ಭಿತ್ತಿಪತ್ರಗಳಲ್ಲೂ ನಡೆಸಿದ ಪ್ರಚಾರ ಮೂರು ದಶಕಗಳ ಕಾಲ ಮುಂದುವರಿಯಿತು. ಕಿರುತೆರೆಯ ನಾಟಕಕ್ಕೆ ಕಾಗದದ ಮೇಲೆ ಪ್ರಚಾರವೇಕೆ ಬೇಕು? ಅದನ್ನು ಯೋಜಿಸುವವರು ಏನೇನು ಲೆಕ್ಕ ಹಾಕಬೇಕು? ಕೊನೆಗೆ ಅದರ ಲಾಭ ಯಾರಿಗೆ? ಈ ಮೂರು ಪ್ರಶ್ನೆಗಳಿಗೆ ಮೊಬಿಲ್‌ನ ಕಥೆಯಲ್ಲಿ ಉತ್ತರವಿದೆ.

ಜಾಹೀರಾತಿಗೆ ಜಾಗವಿಲ್ಲದ ಕಡೆ

ಅಮೆರಿಕದ ರೇಡಿಯೊ ಮತ್ತು ಟೆಲಿವಿಷನ್ ಬೆಳೆದದ್ದೇ ವ್ಯಾಪಾರಿಗಳ ಹಣದಿಂದ. ಸೋಪು ತಯಾರಿಸುವ ಕಂಪನಿಗಳು ಹಗಲಿನ ಧಾರಾವಾಹಿಗಳಿಗೆ ಹಣ ಹಾಕಿದ್ದರಿಂದ ಅವುಗಳಿಗೆ 'ಸೋಪ್ ಆಪೆರಾ' ಎಂಬ ಹೆಸರೇ ನಿಂತಿತು. ಇದಕ್ಕಿಂತ ಬೇರೆಯಾದ ಒಂದು ದಾರಿ ಬೇಕೆಂದು 1967ರಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ಪ್ರಸಾರ ಕಾಯ್ದೆ ಮಾಡಿತು. 1970ರಲ್ಲಿ ಪಿಬಿಎಸ್ ಎಂಬ ಜಾಲ ಪ್ರಸಾರ ಆರಂಭಿಸಿತು. ಇಲ್ಲಿ ನಾಟಕದ ನಡುವೆ ಜಾಹೀರಾತು ತೂರುವಂತಿಲ್ಲ. ಹಣ ಕೊಟ್ಟವರ ಹೆಸರನ್ನು ಆಗ ಆರಂಭದಲ್ಲೊಮ್ಮೆ, ಕೊನೆಯಲ್ಲೊಮ್ಮೆ, ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬೇಕಿತ್ತು.

ಬಿಬಿಸಿ 1967ರಲ್ಲಿ ಪ್ರಸಾರ ಮಾಡಿದ್ದ 26 ಕಂತುಗಳ 'ದಿ ಫೋರ್ಸೈಟ್ ಸಾಗಾ' 1969ರಲ್ಲಿ ಅಮೆರಿಕದ ಸಾರ್ವಜನಿಕ ಕೇಂದ್ರಗಳಲ್ಲಿ ಬಂದಾಗ ನಿರೀಕ್ಷೆ ಮೀರಿ ಜನ ನೋಡಿದರು. ಹೀಗೆ ಬ್ರಿಟಿಷ್ ನಾಟಕಗಳನ್ನು ತರಿಸಿ ತೋರಿಸಿದರೆ ಹೇಗೆ ಎಂಬ ಆಲೋಚನೆ ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಕೇಂದ್ರಕ್ಕೆ ಬಂತು. ಅದಕ್ಕೆ ಹಣ ಬೇಕಿತ್ತು. ಮೊಬಿಲ್ ಕಂಪನಿಯ ಸಾರ್ವಜನಿಕ ವ್ಯವಹಾರಗಳ ಮುಖ್ಯಸ್ಥ ಹರ್ಬರ್ಟ್ ಶ್ಮರ್ಟ್ಸ್ ಒಪ್ಪಿದರು. 1971ರ ಜನವರಿ 10ರಂದು 'ದಿ ಫಸ್ಟ್ ಚರ್ಚಿಲ್ಸ್' ನಾಟಕದೊಂದಿಗೆ 'ಮಾಸ್ಟರ್‌ಪೀಸ್ ಥಿಯೇಟರ್' ಮಾಲಿಕೆ ಶುರುವಾಯಿತು. ಪ್ರತಿ ಕಂತಿಗೂ ಮುನ್ನ ಆರಾಮಕುರ್ಚಿಯಲ್ಲಿ ಕುಳಿತು ಪ್ರಸ್ತಾವನೆ ಹೇಳುತ್ತಿದ್ದ ಪತ್ರಕರ್ತ ಅಲಿಸ್ಟೇರ್ ಕುಕ್ 1992ರವರೆಗೆ ಅದರ ಮುಖವಾಗಿದ್ದರು.

ಇದನ್ನು ಭಾರತದ ಅನುಭವದೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. 1984ರ ಜುಲೈ 7ರಂದು ದೂರದರ್ಶನದಲ್ಲಿ 'ಹಮ್ ಲೋಗ್' ಆರಂಭವಾದಾಗ ಮ್ಯಾಗಿ ನೂಡಲ್ಸ್ ತಯಾರಿಸುವ ಕಂಪನಿ ಅದನ್ನು ಪ್ರಾಯೋಜಿಸಿತು. ಪ್ರಾಯೋಜಕರ ಸರಕಿನ ಜಾಹೀರಾತು ಅದೇ ಪರದೆಯ ಮೇಲೆ ಬಂತು. ನಾಟಕಕ್ಕಾಗಿ ಟಿವಿ ಮುಂದೆ ಕುಳಿತ ಮನೆಮಂದಿಯೆಲ್ಲ ನೂಡಲ್ಸನ್ನೂ ನೋಡಿದರು. ಕೊಟ್ಟ ಹಣಕ್ಕೆ ಪ್ರತಿಫಲ ಅಲ್ಲಿಯೇ ಸಿಕ್ಕಿತು.

ಪಿಬಿಎಸ್‌ನಲ್ಲಿ ಆ ಸೌಲಭ್ಯ ಇರಲಿಲ್ಲ. ಪರದೆಯ ಮೇಲೆ ಸಿಗುತ್ತಿದ್ದುದು ಒಂದು ವಾಕ್ಯ. ಹಾಗಿದ್ದರೆ ನಾವು ಈ ನಾಟಕ ತಂದೆವು ಎಂದು ದೊಡ್ಡ ಅಕ್ಷರದಲ್ಲಿ ಹೇಳುವುದೆಲ್ಲಿ? ಪತ್ರಿಕೆಯಲ್ಲಿ, ಭಿತ್ತಿಪತ್ರದಲ್ಲಿ. ನಾಟಕದ ಪ್ರಚಾರಕ್ಕೆಂದು ಕೊಂಡ ಜಾಗದಲ್ಲಿ ಕಂಪನಿಯ ಹೆಸರನ್ನು ಎಷ್ಟು ದೊಡ್ಡದಾಗಿ ಬರೆದರೂ ಕೇಳುವವರಿಲ್ಲ. ಕಾಗದದ ಪ್ರಚಾರಕ್ಕೆ ಮೊಬಿಲ್ ಕೊಟ್ಟ ಮಹತ್ವದ ಗುಟ್ಟು ಇಲ್ಲಿದೆ.

ಲಗ್ನಪತ್ರಿಕೆಯ ಲೆಕ್ಕ

ಅಂಗಡಿಯ ಸರಕಿಗೆ ಕೊಡುವ ಜಾಹೀರಾತಿಗೂ ಕಿರುತೆರೆಯ ನಾಟಕಕ್ಕೆ ಕೊಡುವ ಜಾಹೀರಾತಿಗೂ ಮೂಲಭೂತ ವ್ಯತ್ಯಾಸವಿದೆ. ಸೋಪನ್ನು ಇವತ್ತು ಕೊಳ್ಳದಿದ್ದರೆ ನಾಳೆ ಕೊಳ್ಳಬಹುದು. ಭಾನುವಾರ ರಾತ್ರಿ 9 ಗಂಟೆಯ ನಾಟಕ ಆಗ 10 ಗಂಟೆಗೆ ಸಿಗುತ್ತಿರಲಿಲ್ಲ. ಮನೆಯಲ್ಲಿ ಕಾರ್ಯಕ್ರಮವನ್ನು ಮುದ್ರಿಸಿಕೊಳ್ಳುವ ವಿಡಿಯೊ ಯಂತ್ರಗಳು ಆ ಮಾಲಿಕೆಯ ಮೊದಲ ವರ್ಷಗಳಲ್ಲಿ ಜನಸಾಮಾನ್ಯರ ಕೈಗೆ ಬಂದಿರಲಿಲ್ಲ. ಆದ್ದರಿಂದ ಈ ಜಾಹೀರಾತು ಲಗ್ನಪತ್ರಿಕೆಯಂತೆ ಕೆಲಸ ಮಾಡಬೇಕು. ಯಾರ ಮದುವೆ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಕರೆಯುತ್ತಿರುವವರು ಯಾರು? ಇವಿಷ್ಟರಲ್ಲಿ ಒಂದು ತಪ್ಪಿದರೂ ಪತ್ರಿಕೆ ದಂಡ.

ಲೆಕ್ಕವೂ ಮದುವೆಯದೇ. ಮುಹೂರ್ತ ಗೊತ್ತಾದ ಮೇಲೆ ಹಿಂದಕ್ಕೆ ಎಣಿಸುತ್ತ ಬರಬೇಕು. ಮಾಸಪತ್ರಿಕೆಗಳು ಜಾಹೀರಾತನ್ನು ಎಷ್ಟೋ ವಾರ ಮೊದಲೇ ಕೇಳುತ್ತವೆ. ವಾರಪತ್ರಿಕೆಗಳಿಗೆ ಅದಕ್ಕಿಂತ ಕಡಿಮೆ ಅವಧಿ ಸಾಕು. ದಿನಪತ್ರಿಕೆಗೆ ಕೆಲವೇ ದಿನ. ಆದ್ದರಿಂದ ಚಿತ್ರ ಬರೆಯುವವರಿಗೆ ಎಲ್ಲಕ್ಕಿಂತ ಮೊದಲು ಕೆಲಸ ಹೇಳಬೇಕು. ಎಷ್ಟೋ ಸಲ ನಾಟಕದ ಕೊನೆಯ ಕಂತುಗಳು ಕೈಸೇರುವ ಮೊದಲೇ ಭಿತ್ತಿಪತ್ರ ಸಿದ್ಧವಾಗಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಆಗಲೇ ಪ್ರದರ್ಶನಗೊಂಡ ನಾಟಕಗಳನ್ನು ತರಿಸುತ್ತಿದ್ದವರಿಗೆ ಇಲ್ಲೊಂದು ಅನುಕೂಲವಿತ್ತು. ನಾಟಕವನ್ನು ಪೂರ್ತಿ ನೋಡಿ, ಅದರ ತಿರುಳನ್ನು ಹಿಡಿದು ಚಿತ್ರ ಬರೆಸಲು ಸಾಧ್ಯವಿತ್ತು.

'ಎಲ್ಲಿ' ಎಂಬ ಪ್ರಶ್ನೆಯೂ ಸುಲಭದ್ದಲ್ಲ. ಪಿಬಿಎಸ್ ಒಂದು ಜಾಲವೇ ಹೊರತು ಒಂದು ಕೇಂದ್ರವಲ್ಲ. ಬಾಸ್ಟನ್ನಿನಲ್ಲಿ ಅದು 2ನೇ ಚಾನೆಲ್, ನ್ಯೂಯಾರ್ಕಿನಲ್ಲಿ 13ನೇ ಚಾನೆಲ್. ಚಿತ್ರ ಒಂದೇ ಆದರೂ ಊರಿಗೆ ತಕ್ಕಂತೆ ಚಾನೆಲ್ಲಿನ ಸಂಖ್ಯೆ ಬದಲಾಗಬೇಕು. ಅದಕ್ಕೆಂದೇ ಜಾಹೀರಾತಿನ ವಿನ್ಯಾಸದಲ್ಲಿ ಜಾಗ ಬಿಟ್ಟಿರಬೇಕು. ಬಾಸ್ಟನ್ನಿನ ಸಂಖ್ಯೆ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾದರೆ ಅಷ್ಟು ಹಣವೂ ನೀರುಪಾಲು.

ಧಾರಾವಾಹಿಗೆ ಮತ್ತೊಂದು ತೊಡಕು. ಮೊದಲ ಕಂತಿಗೆ ಕರೆಯುವ ಮಾತು ಬೇರೆ, ಐದನೆಯ ಕಂತಿಗೆ ಕರೆಯುವ ಮಾತು ಬೇರೆ. ಆರಂಭದಲ್ಲಿ ಕಥೆಯ ಹೊಸತನ ಹೇಳಬೇಕು. ನಡುವಿನ ವಾರಗಳಲ್ಲಿ ನೋಡುತ್ತಿರುವವರನ್ನು ಹಿಡಿದಿಡಬೇಕು, ತಪ್ಪಿಸಿಕೊಂಡವರಿಗೂ ಈಗ ಸೇರಿಕೊಳ್ಳಬಹುದು ಎಂಬ ಧೈರ್ಯ ಕೊಡಬೇಕು. ಹಣವನ್ನೆಲ್ಲ ಮೊದಲ ವಾರವೇ ಸುರಿದವರು ಮೂರನೆಯ ವಾರಕ್ಕೆ ಬರಿಗೈಯಾಗುತ್ತಾರೆ.

ಮುಖವಿಲ್ಲದ ಭಿತ್ತಿಪತ್ರ

ಇನ್ನು ಚಿತ್ರದ ವಿಷಯ. ನಮ್ಮ ಸಿನಿಮಾ ಪೋಸ್ಟರುಗಳಲ್ಲಿ ನಾಯಕನ ಮುಖವೇ ಬಂಡವಾಳ. ಮುಖ ಕಂಡರೆ ಸಾಕು, ಹೆಸರು ಓದುವ ಅಗತ್ಯವೂ ಇಲ್ಲ. ಆದರೆ 1977ರ ನವೆಂಬರಿನಲ್ಲಿ ರೋಮ್ ಚಕ್ರವರ್ತಿಯೊಬ್ಬನ ಕಥೆಯಾದ 'ಐ, ಕ್ಲಾಡಿಯಸ್' ಅಮೆರಿಕಕ್ಕೆ ಬಂದಾಗ ಅದರ ಮುಖ್ಯ ನಟ ಡೆರೆಕ್ ಜಾಕೋಬಿ ಅಲ್ಲಿನ ಸಾಮಾನ್ಯ ನೋಡುಗರಿಗೆ ಪರಿಚಿತರಲ್ಲ. ಗುರುತಿಲ್ಲದ ಮುಖದ ಛಾಯಾಚಿತ್ರ ಯಾರನ್ನು ತಾನೇ ಕರೆದೀತು?

ಅಚ್ಚಿನ ತೊಂದರೆಯೂ ಇತ್ತು. ಪತ್ರಿಕೆಯ ಛಾಯಾಚಿತ್ರ ಸಣ್ಣ ಚುಕ್ಕಿಗಳ ಜಾಲರಿ. ಒಳ್ಳೆಯ ಕಾಗದದ ಮಾಸಪತ್ರಿಕೆಯಲ್ಲಿ ಅಂಗುಲಕ್ಕೆ 133 ಅಥವಾ 150 ಸಾಲು ಚುಕ್ಕಿಗಳು ಮೂಡುತ್ತವೆ. ಒರಟಾದ ಸುದ್ದಿಕಾಗದದಲ್ಲಿ ಆಗ ಅಷ್ಟು ನಿಲ್ಲುತ್ತಿರಲಿಲ್ಲ, ಅಂಗುಲಕ್ಕೆ 65ರಿಂದ 85 ಸಾಲು ಮೂಡಿದರೆ ಹೆಚ್ಚು. ಹತ್ತಾರು ಪಾತ್ರಗಳು ನಿಂತ ದೀಪದ ಬೆಳಕಿನ ದೃಶ್ಯವನ್ನು ಅದರಲ್ಲಿ ಅಚ್ಚು ಹಾಕಿದರೆ ಮಸಿಯ ಮುದ್ದೆ. ಅದೇ ಗಟ್ಟಿ ಗೆರೆಯ ಚಿತ್ರ ಒರಟು ಕಾಗದದಲ್ಲೂ ಸ್ಪಷ್ಟ.

ಮೊಬಿಲ್ ನಾಮಾಂಕಿತ ಕಲಾವಿದರ ಮೊರೆ ಹೋಗಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ನ್ಯೂಯಾರ್ಕಿನ ಪುಶ್ ಪಿನ್ ಸ್ಟುಡಿಯೊವನ್ನು ಕಟ್ಟಿದವರಲ್ಲಿ ಒಬ್ಬರಾದ ಸೈಮೂರ್ ಚ್ವಾಸ್ಟ್, ಇವಾನ್ ಚೆರ್ಮಾಯೆಫ್, ಪಾಲ್ ಡೇವಿಸ್ ಮೊದಲಾದವರು ಈ ನಾಟಕಗಳಿಗೆ ಭಿತ್ತಿಪತ್ರ ಬರೆದರು. 1980ರಲ್ಲಿ ಪತ್ತೇದಾರಿ ನಾಟಕಗಳ 'ಮಿಸ್ಟರಿ!' ಎಂಬ ಸೋದರ ಮಾಲಿಕೆ ಬಂದಾಗ ಅದರ ಆರಂಭದ ದೃಶ್ಯಗಳಿಗೆ ಎಡ್ವರ್ಡ್ ಗೋರಿ ಅವರ ವಿಚಿತ್ರ ಮೋಜಿನ ರೇಖಾಚಿತ್ರಗಳು ಒದಗಿದವು. ಚೆರ್ಮಾಯೆಫ್ ಅವರ ಸಂಸ್ಥೆಯೇ 1964ರಲ್ಲಿ ಮೊಬಿಲ್‌ನ ಹೆಸರಿನ ಅಕ್ಷರಗಳಿಗೂ ರೂಪ ಕೊಟ್ಟಿತ್ತು. ನೀಲಿ ಅಕ್ಷರಗಳ ನಡುವೆ ಒಂದು ಕೆಂಪು 'ಓ'. ಬಂಕಿನ ಫಲಕ ಮತ್ತು ನಾಟಕದ ಭಿತ್ತಿಪತ್ರ ಒಂದೇ ವಿನ್ಯಾಸಶಾಲೆಯಿಂದ ಹೊರಬಂದದ್ದು ಯೋಜನೆಯ ಆಳವನ್ನು ತೋರಿಸುತ್ತದೆ.

ಒಳ್ಳೆಯ ಭಿತ್ತಿಪತ್ರವನ್ನು ಮೂರು ದೂರಗಳಿಂದ ಓದಬಹುದು ಎನ್ನುತ್ತಾರೆ ಬಲ್ಲವರು. ರಸ್ತೆಯ ಆಚೆಯಿಂದ ಚಿತ್ರ ಕಾಣಬೇಕು. ನಾಲ್ಕು ಹೆಜ್ಜೆ ದೂರದಿಂದ ನಾಟಕದ ಹೆಸರು, ದಿನ, ವೇಳೆ ಕಾಣಬೇಕು. ಹತ್ತಿರ ಬಂದಾಗ ಉಳಿದ ವಿವರ. ಕಂಪನಿಯ ಹೆಸರನ್ನು ಯಾವ ದೂರಕ್ಕೆ ಇಡಬೇಕು ಎಂಬುದು ನಾಜೂಕಿನ ವಿಷಯ. ತೀರ ದೊಡ್ಡದಾದರೆ ನಾಟಕ ಪೆಟ್ರೋಲಿನ ಜಾಹೀರಾತಾಗುತ್ತದೆ. ತೀರ ಚಿಕ್ಕದಾದರೆ ಹಣ ಕೊಟ್ಟವರಿಗೆ ಸಮಾಧಾನವಿಲ್ಲ. ಮೊಬಿಲ್ ಈ ಹದವನ್ನು ಕಂಡುಕೊಂಡಿತು. ಬಸ್ ತಂಗುದಾಣಗಳ ಗೋಡೆಗೆ ಹಚ್ಚಿದ ಆ ಭಿತ್ತಿಪತ್ರಗಳನ್ನು ಜನ ಇಂದಿಗೂ ಸಂಗ್ರಹಿಸುತ್ತಾರೆ.

ಕಾಲುಪುಟದ ಮಾತು

ಈ ಪ್ರಚಾರಕ್ಕೆ ಇನ್ನೊಂದು ಕೈ ಇತ್ತು. 1970ರ ಸೆಪ್ಟೆಂಬರಿನಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಸಂಪಾದಕೀಯದ ಎದುರು ಪುಟವನ್ನು ಹೊರಗಿನವರ ಅಭಿಪ್ರಾಯಗಳಿಗೆ ತೆರೆಯಿತು. ಆ ಪುಟದ ಕೆಳಗಿನ ಕಾಲುಭಾಗವನ್ನು ಜಾಹೀರಾತಿಗೆ ಮಾರಿತು. ಮೊಬಿಲ್ ಅದನ್ನು ಕೊಂಡಿತು. 1972ರಿಂದ ಪ್ರತಿ ಗುರುವಾರ ಅಲ್ಲಿ ಕಂಪನಿಯ ಬರಹ ಕಾಣಿಸಿಕೊಳ್ಳತೊಡಗಿತು. ಅದರಲ್ಲಿ ಪೆಟ್ರೋಲ್ ಕೊಳ್ಳಿ ಎಂಬ ಮಾತಿಲ್ಲ. ತೈಲನೀತಿ, ತೆರಿಗೆ, ಸರ್ಕಾರದ ನಿಯಂತ್ರಣ ಇಂಥ ವಿಷಯಗಳ ಮೇಲೆ ವಾದ. ಜೊತೆಗೆ ಆಗಾಗ ಕಲೆ, ಸಂಸ್ಕೃತಿಯ ಮಾತು, ನಾಟಕ ನೋಡಿ ಎಂಬ ಕರೆ.

ಇವೆರಡರ ಸಂಬಂಧವನ್ನು ಶ್ಮರ್ಟ್ಸ್ ಮುಚ್ಚಿಡಲಿಲ್ಲ. 1986ರಲ್ಲಿ ಬಂದ 'ಗುಡ್‌ಬೈ ಟು ದ ಲೋ ಪ್ರೊಫೈಲ್' ಪುಸ್ತಕದಲ್ಲಿ ತಮ್ಮ ತಂತ್ರವನ್ನು ಅವರು ವಿವರಿಸಿದ್ದಾರೆ. ಒಳ್ಳೆಯ ಕೆಲಸಕ್ಕೆ ಬೆಂಬಲ ಕೊಟ್ಟ ಕಂಪನಿಯ ಮೇಲೆ ಜನರಿಗೆ ವಿಶ್ವಾಸ ಹುಟ್ಟುತ್ತದೆ, ಆ ವಿಶ್ವಾಸವಿರುವವರು ಕಂಪನಿಯ ವಾದವನ್ನೂ ಕಿವಿಗೊಟ್ಟು ಕೇಳುತ್ತಾರೆ ಎಂಬುದು ಅದರ ಸಾರ. ನಾಟಕ ನೋಡುವವರು, ಅಭಿಪ್ರಾಯ ಪುಟ ಓದುವವರು, ಶಾಸಕರಿಗೆ ಪತ್ರ ಬರೆಯುವವರು ಬಹುಮಟ್ಟಿಗೆ ಒಂದೇ ವರ್ಗದ ವಿದ್ಯಾವಂತರು. ಭಾನುವಾರ ಗೆದ್ದ ಮನಸ್ಸಿನೊಂದಿಗೆ ಗುರುವಾರ ಮಾತುಕತೆ.

ಟೀಕೆ ಬಾರದೆ ಇರಲಿಲ್ಲ. ಪಿಬಿಎಸ್‌ನ 'ಪಿ' ಎಂದರೆ ಪಬ್ಲಿಕ್ ಅಲ್ಲ, ಪೆಟ್ರೋಲಿಯಂ ಎಂಬ ಕುಹಕ ಹುಟ್ಟಿತು. ಸಿದ್ಧವಾಗಿರುವ ಬ್ರಿಟಿಷ್ ನಾಟಕಗಳಿಗೇ ಹಣ ಹೋದರೆ ಅಮೆರಿಕದ ನಾಟಕಕಾರರ ಗತಿಯೇನು ಎಂದು ಅಲ್ಲಿನ ಬರಹಗಾರರು ಕೇಳಿದರು. ಆದರೂ ನಾಟಕಗಳು ಒಳ್ಳೆಯವು ಎಂಬುದನ್ನು ಟೀಕಾಕಾರರೂ ಅಲ್ಲಗಳೆಯುವುದು ಕಷ್ಟವಿತ್ತು.

ಅಂಥ ಒಂದು ನಾಟಕಕ್ಕೆ ಕರ್ನಾಟಕದ ನಂಟೂ ಇದೆ. ಪಾಲ್ ಸ್ಕಾಟ್ ಅವರ ನಾಲ್ಕು ಕಾದಂಬರಿಗಳನ್ನು ಆಧರಿಸಿದ 'ದಿ ಜ್ಯುವೆಲ್ ಇನ್ ದ ಕ್ರೌನ್' ಬ್ರಿಟಿಷ್ ಆಳ್ವಿಕೆಯ ಕೊನೆಯ ವರ್ಷಗಳ ಕಥೆ. 14 ಕಂತುಗಳ ಈ ಧಾರಾವಾಹಿಯ ಕೆಲವು ಭಾಗಗಳನ್ನು ಮೈಸೂರಿನಲ್ಲಿ ಚಿತ್ರೀಕರಿಸಲಾಗಿತ್ತು. ಅಮೆರಿಕದಲ್ಲಿ ಅದು ಆರಂಭವಾದದ್ದು 1984ರ ಡಿಸೆಂಬರ್ 16ರಂದು. ಅದಕ್ಕೆ ಎರಡೇ ದಿನ ಮೊದಲು, ಬೆಂಗಳೂರಿನಲ್ಲೂ ಸಾವನದುರ್ಗ, ರಾಮನಗರದ ಬೆಟ್ಟಗಳಲ್ಲೂ ಚಿತ್ರೀಕರಣಗೊಂಡಿದ್ದ ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ' ಸಿನಿಮಾ ಅಲ್ಲಿ ತೆರೆಕಂಡಿತ್ತು. 1982ರ 'ಗಾಂಧಿ' ಚಿತ್ರದ ನೆನಪೂ ಹಸಿಯಾಗಿತ್ತು. ಪ್ರಚಾರ ಯೋಜಿಸುವವರಿಗೆ ಇಂಥ ಗಾಳಿ ಬೀಸುವುದು ಅಪರೂಪ. ಆಗ ಕಥೆ ಎಲ್ಲಿಯದು, ಯಾವ ಕಾಲದ್ದು ಎಂದು ಬಿಡಿಸಿ ಹೇಳುವ ಹೊರೆ ಇಳಿಯುತ್ತದೆ. ದಿನ ಮತ್ತು ವೇಳೆ ನೆನಪಿಸಿದರೂ ಸಾಕು.

ನೋಡಬೇಡಿ ಎಂಬ ಜಾಹೀರಾತು

ಈ ಕಥೆಯ ಅತಿ ಮುಖ್ಯ ಘಟನೆ ನಡೆದದ್ದು ಇದಕ್ಕೆ ನಾಲ್ಕು ವರ್ಷ ಮೊದಲು. 1977ರಲ್ಲಿ ಸೌದಿ ಅರೇಬಿಯದಲ್ಲಿ ರಾಜಮನೆತನದ ಒಬ್ಬ ಯುವತಿಗೂ ಅವಳ ಪ್ರಿಯಕರನಿಗೂ ಮರಣದಂಡನೆಯಾಯಿತು. ಆ ಘಟನೆಯ ನಿಜವನ್ನು ಹುಡುಕುತ್ತ ಹೋಗುವ ಪತ್ರಕರ್ತನ ಕಥೆಯಾಗಿ ಆಂಟನಿ ಥಾಮಸ್ ನಿರ್ದೇಶಿಸಿದ 'ಡೆತ್ ಆಫ್ ಎ ಪ್ರಿನ್ಸೆಸ್' 1980ರ ಏಪ್ರಿಲ್ 9ರಂದು ಬ್ರಿಟನ್ನಿನಲ್ಲಿ ಪ್ರಸಾರವಾಯಿತು. ಸೌದಿ ಸರ್ಕಾರ ಕೆರಳಿತು. ಬ್ರಿಟಿಷ್ ರಾಯಭಾರಿ ದೇಶ ಬಿಡಬೇಕಾಯಿತು.

ಅಮೆರಿಕದಲ್ಲಿ ಅದನ್ನು ತೋರಿಸಲು ಮುಂದಾದದ್ದು ಬಾಸ್ಟನ್ನಿನ ಅದೇ ಡಬ್ಲ್ಯುಜಿಬಿಎಚ್. ಪಿಬಿಎಸ್ ಮೇ 12ಕ್ಕೆ ದಿನ ಗೊತ್ತುಮಾಡಿತು. ಸೌದಿ ತೈಲವನ್ನು ಹೊರತೆಗೆಯಲು ಕಟ್ಟಿದ ಅರಾಮ್ಕೊ ಸಂಸ್ಥೆಯ ಪಾಲುದಾರರಲ್ಲಿ ಮೊಬಿಲ್ ಕೂಡ ಒಂದು ಎಂಬುದನ್ನು ಇಲ್ಲಿ ನೆನಪಿಡಬೇಕು. ಮೇ 8, ಗುರುವಾರ. 'ನ್ಯೂಯಾರ್ಕ್ ಟೈಮ್ಸ್'ನ ಅದೇ ಕಾಲುಪುಟದಲ್ಲಿ ಮೊಬಿಲ್‌ನ ಬರಹ ಬಂತು. ತಲೆಬರಹದಲ್ಲೇ ಆ ಚಿತ್ರವನ್ನು ಹೊಸ ಕಟ್ಟುಕಥೆ ಎಂದು ಹಂಗಿಸಲಾಗಿತ್ತು. ದೇಶದ ಹಿತದೃಷ್ಟಿಯಿಂದ ಪ್ರಸಾರದ ನಿರ್ಧಾರವನ್ನು ಪಿಬಿಎಸ್ ಮರುಪರಿಶೀಲಿಸಬೇಕು ಎಂಬುದು ಅದರ ಒತ್ತಾಯ.

ಒಂಬತ್ತು ವರ್ಷ ನಾಟಕ ನೋಡಿ ಎಂದು ಕರೆದ ಕಂಪನಿ ಈಗ ಹಣ ಕೊಟ್ಟು ಕೊಂಡ ಜಾಗದಲ್ಲಿ ಒಂದು ನಾಟಕವನ್ನು ತೋರಿಸುವುದೇ ಬೇಡ ಎನ್ನುವ ಹಾಗೆ ಬರೆದಿತ್ತು. ಕೇಳಿದ್ದು ಬೀದಿಯ ಯಾರನ್ನೋ ಅಲ್ಲ, ತನ್ನ ಹಣದಿಂದ ಭಾನುವಾರದ ನಾಟಕ ನಡೆಸುತ್ತಿದ್ದ ಜಾಲವನ್ನೇ. ಹಣ ನಿಲ್ಲಿಸುತ್ತೇವೆ ಎಂಬ ಬೆದರಿಕೆ ಆ ಬರಹದಲ್ಲಿ ಇರಲಿಲ್ಲ. ಆದರೆ ವರ್ಷವರ್ಷವೂ ಧನಿಯ ಮನೆಯ ಬಾಗಿಲು ತಟ್ಟಬೇಕಾದವನಿಗೆ ಧನಿಯ ಮುಖಭಾವವೂ ಒಂದು ಮಾತೇ ಅಲ್ಲವೇ?

ಪಿಬಿಎಸ್ ಹಿಂಜರಿಯಲಿಲ್ಲ. ಗೊತ್ತಾದ ದಿನವೇ ಚಿತ್ರ ಪ್ರಸಾರವಾಯಿತು. ಹೂಸ್ಟನ್, ದಕ್ಷಿಣ ಕ್ಯಾರೊಲಿನಾ ಮೊದಲಾದ ಕಡೆಯ ಕೆಲವು ಸಾರ್ವಜನಿಕ ಕೇಂದ್ರಗಳು ಮಾತ್ರ ಅದನ್ನು ಕೈಬಿಟ್ಟವು. ಮೊಬಿಲ್ 'ಮಾಸ್ಟರ್‌ಪೀಸ್ ಥಿಯೇಟರ್'ಗೆ ಹಣ ಕೊಡುವುದನ್ನು ನಿಲ್ಲಿಸಲಿಲ್ಲ. ಮೇಲ್ನೋಟಕ್ಕೆ ಎಲ್ಲವೂ ಮೊದಲಿನಂತೆ ನಡೆಯಿತು. ಆದರೆ ಆ ಕಾಲುಪುಟ ಏತಕ್ಕಾಗಿ ಇದೆ ಎಂಬುದು ಅಂದು ಎಲ್ಲರಿಗೂ ಗೊತ್ತಾಯಿತು.

ಮುಂದಿನದು ಚಿಕ್ಕ ಕಥೆ. 1999ರಲ್ಲಿ ಮೊಬಿಲ್ ಎಕ್ಸಾನ್ ಕಂಪನಿಯಲ್ಲಿ ಲೀನವಾಯಿತು. 2004ರಲ್ಲಿ ನಾಟಕಮಾಲಿಕೆಗೆ ಅದರ ಹಣ ನಿಂತಿತು. ಮಾಲಿಕೆ ಬೇರೆ ಆಸರೆಗಳನ್ನು ಹುಡುಕಿಕೊಂಡು 2008ರಿಂದ ಬರಿಯ 'ಮಾಸ್ಟರ್‌ಪೀಸ್' ಎಂಬ ಹೆಸರಿನಲ್ಲಿ ಮುಂದುವರಿಯಿತು. ಗುರುವಾರದ ಬರಹಗಳು 2001ರವರೆಗೆ ನಡೆದವು. 2017ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಜೆಫ್ರಿ ಸುಪ್ರಾನ್ ಮತ್ತು ನವೋಮಿ ಒರೆಸ್ಕೆಸ್ ಕಂಪನಿಯ ವಿಜ್ಞಾನಿಗಳ ಪ್ರಬಂಧಗಳನ್ನೂ ಪತ್ರಿಕೆಯಲ್ಲಿ ಹಣ ಕೊಟ್ಟು ಹಾಕಿಸಿದ ಬರಹಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಭೂಮಿ ಬಿಸಿಯಾಗುತ್ತಿರುವುದು ಮನುಷ್ಯನಿಂದ ಎಂದು ವಿಜ್ಞಾನಿಗಳ ಬಹುತೇಕ ಪ್ರಬಂಧಗಳು ಒಪ್ಪಿದ್ದರೆ, ಆ ವಿಷಯ ಎತ್ತಿಕೊಂಡ ಪತ್ರಿಕಾ ಬರಹಗಳಲ್ಲಿ ಹೆಚ್ಚಿನವು ಅನುಮಾನ ಹುಟ್ಟಿಸುತ್ತಿದ್ದವು ಎಂದು ಅವರು ಕಂಡರು. ಕಂಪನಿ ಇದನ್ನು ಒಪ್ಪಲಿಲ್ಲ.

ಹಾಗಾದರೆ ಆ ನಾಟಕಗಳು ಕೆಟ್ಟವೇ? ಅಲ್ಲ. 'ಐ, ಕ್ಲಾಡಿಯಸ್' ಇಂದು ನೋಡಿದರೂ ಮನಸ್ಸನ್ನು ಹಿಡಿಯುತ್ತದೆ. ತೈಲದ ಹಣವಿಲ್ಲದಿದ್ದರೆ ಅಮೆರಿಕದ ಎಷ್ಟೋ ಮನೆಗಳಿಗೆ ಅದು ತಲುಪುತ್ತಲೇ ಇರಲಿಲ್ಲ. ಭಿತ್ತಿಪತ್ರ ಬರೆದ ಕಲಾವಿದರ ಕೈಯೂ ಸುಳ್ಳಲ್ಲ. ಊಟ ರುಚಿಯಾಗಿತ್ತು ಎಂಬುದೂ ನಿಜ, ಕರೆದವರಿಗೆ ಒಂದು ಉದ್ದೇಶವಿತ್ತು ಎಂಬುದೂ ನಿಜ. ಒಂದು ನಿಜ ಇನ್ನೊಂದನ್ನು ಅಳಿಸುವುದಿಲ್ಲ.

ಲಗ್ನಪತ್ರಿಕೆ ಕೈಗೆ ಬಂದರೆ ನಮ್ಮ ಹಿರಿಯರು ವಧೂವರರ ಹೆಸರು ಓದಿ ಅಲ್ಲಿಗೇ ಬಿಡುತ್ತಿರಲಿಲ್ಲ. ಕಣ್ಣು ಕೆಳಗಿಳಿದು 'ಆಗಮನಾಭಿಲಾಷಿಗಳು' ಎಂಬಲ್ಲಿ ನಿಲ್ಲುತ್ತಿತ್ತು. ಕರೆದವರು ಯಾರು, ಅವರಿಗೂ ನಮಗೂ ಏನು ಎಂದು ತಿಳಿದುಕೊಂಡ ಮೇಲೆಯೇ ಹೊರಡುವ ಮಾತು. ಧಾರಾವಾಹಿಯ ಜಾಹೀರಾತನ್ನೂ ಹಾಗೆಯೇ ಕೆಳಗಿನ ಸಾಲಿನವರೆಗೆ ಓದಬೇಕು. ಓದಿದ ಮೇಲೆ ನಾಟಕಕ್ಕೆ ಧಾರಾಳವಾಗಿ ಹೋಗಬಹುದು.